'ಗಮನ ಕೊಡಬೇಡಿ' ಎನ್ನುವ ಮೊದಲು ಕೇಳಬೇಕಾದ ಪ್ರಶ್ನೆ

ಪ್ರಶ್ನೆ: ನನ್ನ ಮಗನಿಗೆ ಐದೂವರೆ ವರ್ಷ. ಆಟಿಸಂ ಇದೆ. ಮಾತು ನಾಲ್ಕೈದು ಪದ ಅಷ್ಟೇ. ಆರು ತಿಂಗಳಿಂದ ಎಬಿಎ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಅಂದರೆ ನಡವಳಿಕೆಯ ಮೇಲೆ ಕೆಲಸ ಮಾಡುವ) ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಬರೆಯಲು ಅಥವಾ ಮಣಿ ಪೋಣಿಸಲು ಕೂರಿಸಿದರೆ ಕೈ ಕಚ್ಚಿಕೊಳ್ಳುತ್ತಾನೆ, ತಲೆಯನ್ನು ಮೇಜಿಗೆ ಚಚ್ಚಿಕೊಳ್ಳುತ್ತಾನೆ. 'ಅದು ಗಮನ ಸೆಳೆಯೋಕೆ. ನೋಡದ ಹಾಗೆ ಇದ್ದುಬಿಡಿ, ತಾನಾಗೇ ನಿಲ್ಲುತ್ತೆ' ಎಂದರು ಥೆರಪಿಸ್ಟ್. ಎರಡು ವಾರದಿಂದ ಹಾಗೇ ಮಾಡುತ್ತಿದ್ದೇನೆ. ಶುರುವಾದ ಕೂಡಲೇ ಪುಸ್ತಕ ಎತ್ತಿಟ್ಟು ಅಡುಗೆಮನೆಗೆ ಹೋಗಿಬಿಡುತ್ತೇನೆ. ಕಡಿಮೆಯಾಗುವ ಬದಲು ಜಾಸ್ತಿಯಾಗಿದೆ. 'ನಿನ್ನದೇನು ಕಲ್ಲಿನ ಎದೆಯಾ' ಎಂದು ನಮ್ಮತ್ತೆ ಬೈಯುತ್ತಾರೆ. ಅಮೆರಿಕದಲ್ಲಿರುವ ಮೈದುನ, 'ಇದೆಲ್ಲ ಇಲಿ, ಪಾರಿವಾಳದ ಮೇಲೆ ಮಾಡಿದ್ದು. ಮಕ್ಕಳಿಗೆ ಕರೆಂಟ್ ಶಾಕ್ ಕೂಡ ಕೊಡ್ತಿದ್ರು' ಎಂದ. ನಿಜವೇ? ಈ ಪದ್ಧತಿ ಹುಟ್ಟಿದ್ದು ಹೇಗೆ? ಮುಂದುವರಿಸಬೇಕೋ ಬಿಡಬೇಕೋ?

ಉತ್ತರ: ನಿಮ್ಮ ಮೈದುನ ಹೇಳಿದ್ದು ಸುಳ್ಳಲ್ಲ. ಥೆರಪಿಸ್ಟ್ ಹೇಳಿದ ಉಪಾಯವೂ ಅವರ ಸ್ವಂತದ್ದಲ್ಲ, ಅದರ ಬೇರು ಅರವತ್ತು ವರ್ಷಕ್ಕಿಂತ ಹಳೆಯದು. ಆದರೆ ನಿಮ್ಮ ಕೈಗೆ ಸಿಕ್ಕಿರುವುದು 1959ರ ಉಪಾಯ. ಅದನ್ನು ಯಾವಾಗ ಬಳಸಬೇಕು, ಯಾವಾಗ ಬಳಸಲೇಬಾರದು ಅನ್ನುವ ತಿಳಿವಳಿಕೆ ಗಟ್ಟಿಯಾಗಿದ್ದು 1982ರ ಹೊತ್ತಿಗೆ. ನಡುವಿನ ಇಪ್ಪತ್ತಮೂರು ವರ್ಷ ನಿಮ್ಮ ಮನೆಯವರೆಗೆ ಬಂದೇ ಇಲ್ಲ.

ಮೊದಲು ಇವತ್ತಿನ ಮಾತು. ಮಗು ತಲೆ ಚಚ್ಚಿಕೊಳ್ಳುವಾಗ ಅಡುಗೆಮನೆಗೆ ಹೋಗಬೇಡಿ. ಕೈ ಅಡ್ಡ ಇಡಿ, ದಿಂಬು ಇಡಿ, ಮೇಜಿನಿಂದ ಆಚೆ ಸರಿಸಿ. ಬೈಯುವುದೂ ಬೇಡ, ಮುದ್ದಿಸುವುದೂ ಬೇಡ, ಪೆಟ್ಟಾಗದಂತೆ ತಡೆಯಿರಿ ಸಾಕು. ಹಾಗೆಯೇ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಕಿವಿನೋವು, ಹಲ್ಲುನೋವು, ಮಲಬದ್ಧತೆ, ಇವು ಮಾತು ಬಾರದ ಮಗುವಿನಲ್ಲಿ ತಲೆ ಚಚ್ಚಿಕೊಳ್ಳುವ ರೂಪದಲ್ಲಿ ಹೊರಬರುವುದುಂಟು. ಈಗ ಚರಿತ್ರೆಗೆ ಬರೋಣ. ನಿಮ್ಮ ಮಗನ ಪ್ರಶ್ನೆಗೆ ಉತ್ತರವೂ ಅದರೊಳಗೇ ಇದೆ.

1959ರಲ್ಲಿ ಸಿ. ಡಿ. ವಿಲಿಯಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಚಿಕ್ಕದೊಂದು ವರದಿ ಪ್ರಕಟಿಸಿದ. ಇಪ್ಪತ್ತೊಂದು ತಿಂಗಳ ಒಬ್ಬ ಗಂಡುಮಗುವಿನ ಕಥೆ. ಹುಟ್ಟಿದಾಗಿನಿಂದ ಒಂದೂವರೆ ವರ್ಷ ಮಗುವಿಗೆ ಕಾಯಿಲೆ ಜೋರಾಗಿತ್ತು. ಮನೆಯವರೆಲ್ಲ ಅಂಗೈಯಲ್ಲಿಟ್ಟು ನೋಡಿಕೊಂಡಿದ್ದರು. ಕಾಯಿಲೆ ಹೋಯಿತು, ಅಭ್ಯಾಸ ಹೋಗಲಿಲ್ಲ. ರಾತ್ರಿ ಮಲಗಿಸಿದರೆ ಯಾರಾದರೂ ಪಕ್ಕದಲ್ಲೇ ಕೂತಿರಬೇಕು, ಅರ್ಧ ಗಂಟೆಯಿಂದ ಎರಡು ಗಂಟೆ. ಕೂತವರು ಓದಲು ಪುಸ್ತಕ ಹಿಡಿದರೂ ರಚ್ಚೆ, ಪುಸ್ತಕ ಕೆಳಗಿಡುವವರೆಗೂ ಬಿಡುತ್ತಿರಲಿಲ್ಲ. ಮಗುವಿನ ಆರೋಗ್ಯ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಒಂದು ಪ್ರಯೋಗ ಮಾಡಿದರು. ನಿಧಾನವಾಗಿ, ಪ್ರೀತಿಯಿಂದ ಮಲಗಿಸುವುದು, ಬಾಗಿಲು ಹಾಕಿಕೊಂಡು ಹೊರಗೆ ಬರುವುದು, ಮತ್ತೆ ಒಳಗೆ ಹೋಗದಿರುವುದು. ಮೊದಲ ಸಲ ಮಗು ನಲವತ್ತೈದು ನಿಮಿಷ ಅತ್ತಿತು. ಹತ್ತನೇ ಸಲದ ಹೊತ್ತಿಗೆ ಅಳು ಇರಲಿ, ಹೊರಟವರನ್ನು ನೋಡಿ ನಗುತ್ತಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಅಷ್ಟು ಸ್ವಾರಸ್ಯ ಇರುತ್ತಿರಲಿಲ್ಲ. ಸುಮಾರು ಒಂದು ವಾರದ ಮೇಲೆ ಒಂದು ರಾತ್ರಿ ಮಗುವನ್ನು ಮಲಗಿಸಿದ್ದು ಆಂಟಿ. (ಇಂಗ್ಲಿಷಿನಲ್ಲಿ ಚಿಕ್ಕಮ್ಮನೂ ಆಂಟಿ, ಸೋದರತ್ತೆಯೂ ಆಂಟಿ. ಯಾರಾದರೂ ಆಗಲಿ ಬಿಡಿ.) ಮಗು ಸ್ವಲ್ಪ ಅತ್ತಿತು. ಆಕೆಗೆ ಕರುಳು ಚುರುಕ್ಕೆಂದಿತು, ಒಳಗೆ ಹೋಗಿ ನಿದ್ದೆ ಬರುವವರೆಗೂ ಕೂತರು. ಮಾರನೆಯ ರಾತ್ರಿ ರಂಪ ಮತ್ತೆ ಮೊದಲಿನಷ್ಟೇ! ಎಲ್ಲ ಹೊಸದಾಗಿ ಶುರು ಮಾಡಬೇಕಾಯಿತು. ಎರಡನೇ ಸುತ್ತಿನಲ್ಲಿ ನಿಂತ ಹಟ ಮುಂದಿನ ಎರಡು ವರ್ಷ ಮರಳಲಿಲ್ಲ. ಮಗು ಚೆನ್ನಾಗಿ, ಗೆಲುವಾಗಿ ಬೆಳೆಯಿತು ಎಂದೂ ವರದಿ ಹೇಳುತ್ತದೆ.

ಹಟಕ್ಕೆ ಸಿಗುತ್ತಿದ್ದ ಪ್ರತಿಫಲ ನಿಂತರೆ ಹಟವೂ ಕ್ರಮೇಣ ಆರುತ್ತದೆ. ಇದಕ್ಕೆ ಎಕ್ಸ್‌ಟಿಂಕ್ಷನ್ ಎಂದು ಹೆಸರು. ದೀಪ ಆರುವ ಮುಂಚೆ ಒಮ್ಮೆ ಜೋರಾಗಿ ಉರಿಯುತ್ತದಲ್ಲ, ಹಾಗೆ ಹಟವೂ ಆರುವ ಮೊದಲು ಕೆಲವೊಮ್ಮೆ ಏರುತ್ತದೆ. 'ಜಾಸ್ತಿಯಾದರೆ ಹೆದರಬೇಡಿ' ಎಂದು ಥೆರಪಿಸ್ಟ್‌ಗಳು ಹೇಳುವುದು ಇದನ್ನು ನೋಡಿಯೇ. ಆದರೆ ಒಂದು ವಿಷಯ ಗಮನಿಸಿ. ಆ ಮಗು ಅಳುತ್ತಿದ್ದುದು ಯಾಕೆ ಎಂದು ವಿಲಿಯಮ್ಸ್‌ಗೆ ಗೊತ್ತಿತ್ತು. ಅತ್ತರೆ ದೊಡ್ಡವರು ಬಂದು ಕೂರುತ್ತಾರೆ, ಅದಕ್ಕೇ ಅಳು. ನಿಲ್ಲಿಸಿದ್ದು ಆ ಕೂರುವುದನ್ನೇ. ಮುಂದೆ ಈ ವರದಿಯನ್ನು ಓದಿದವರು 'ಗಮನ ಕೊಡಬೇಡಿ' ಎಂಬ ಬಾಲವನ್ನು ಹಿಡಿದುಕೊಂಡರು, ತಲೆಯನ್ನು ಬಿಟ್ಟರು.

ಇಲಿ, ಪಾರಿವಾಳದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬಿ. ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಇಲಿಗಳ ಮೇಲೆ, ಆಮೇಲೆ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳೇ ಇದರ ತಳಪಾಯ. ಒಂದು ಕೆಲಸದ ಹಿಂದೆಯೇ ಏನು ಬರುತ್ತದೋ ಅದು ಆ ಕೆಲಸವನ್ನು ಮುಂದೆ ಹೆಚ್ಚಿಸುತ್ತದೆ ಅಥವಾ ಕಡಿಮೆ ಮಾಡುತ್ತದೆ, ಇದು ಅವರ ಮೂಲ ಮಾತು. ಹೆಚ್ಚಿಸುವಂಥದ್ದಕ್ಕೆ ರೀಇನ್‌ಫೋರ್ಸ್‌ಮೆಂಟ್ ಎಂದರು. ಇಲಿಯಿಂದ ಶುರುವಾಯಿತು ಅನ್ನುವುದು ಬೈಗುಳವೇನಲ್ಲ. ನಾವು ನುಂಗುವ ಎಷ್ಟೋ ಮಾತ್ರೆಗಳೂ ಅಲ್ಲಿಂದಲೇ ಬಂದವು. 1949ರಲ್ಲಿ ಪಾಲ್ ಫುಲ್ಲರ್ ಎಂಬಾತ ಇದನ್ನು ಮನುಷ್ಯನಲ್ಲಿ ತೋರಿಸಿದ. ಸಂಸ್ಥೆಯೊಂದರಲ್ಲಿ ಮಲಗಿದ್ದಲ್ಲೇ ಇದ್ದ ಹದಿನೆಂಟು ವರ್ಷದ ಹುಡುಗ. ಅವನು ಏನನ್ನೂ ಕಲಿಯಲಾರ ಎಂದು ಡಾಕ್ಟರುಗಳು ಕೈಬಿಟ್ಟಿದ್ದರು. ಬಲಗೈ ಸ್ವಲ್ಪ ಅಲ್ಲಾಡಿಸಿದಾಗಲೆಲ್ಲ ಬೆಚ್ಚಗಿನ ಸಕ್ಕರೆ ಹಾಲನ್ನು ಬಾಯಿಗೆ ಬಿಟ್ಟರು. ಹುಡುಗ ಕೈ ಎತ್ತಲು ಕಲಿತ. ಆ ವರದಿಯಲ್ಲಿ ಅವನನ್ನು ಗಿಡಕ್ಕೆ ಹೋಲಿಸುವ ಒಂದು ಪದ ಬಳಸಿದ್ದಾರೆ, ಈಗ ಓದಿದರೆ ಮೈ ಉರಿಯುತ್ತದೆ. ಆದರೂ 'ಇವನಿಂದ ಆಗಲ್ಲ' ಎಂದವರ ಬಾಯಿ ಮುಚ್ಚಿಸಿದ್ದು ಆ ಪ್ರಯೋಗವೇ.

ಅದೇ 1959ರಲ್ಲಿ ಕೆನಡಾದ ವೇಬರ್ನ್ ಊರಿನ ದೊಡ್ಡ ಮಾನಸಿಕ ಆಸ್ಪತ್ರೆಯಿಂದ ಇನ್ನೊಂದು ಲೇಖನ ಬಂತು. ಬರೆದವರು ಟಿಯೊಡೊರೊ ಐಯೊನ್ ಮತ್ತು ಜ್ಯಾಕ್ ಮೈಕಲ್. ಇವರು ಔಷಧ ಮುಟ್ಟಲಿಲ್ಲ, ನರ್ಸ್‌ಗಳಿಗೆ ಕಲಿಸಿದರು. ಒಬ್ಬ ರೋಗಿ ದಿನಕ್ಕೆ ಸುಮಾರು ಹದಿನಾರು ಸಲ ನರ್ಸ್‌ಗಳ ಕೋಣೆಗೆ ಬಂದು ಕೆಲಸ ಕೆಡಿಸುತ್ತಿದ್ದಳು. ಬಂದಾಗಲೆಲ್ಲ ನರ್ಸ್‌ಗಳು ಕೈ ಹಿಡಿದು ಹೊರಗೆ ಬಿಟ್ಟು ಬರುತ್ತಿದ್ದರು, ಕೆಲವೊಮ್ಮೆ ಬೈಯುತ್ತಿದ್ದರು. ಆಕೆಗೆ ಆ ಬೈಗುಳವೇ ಬೇಕಿತ್ತು! ಇಡೀ ದಿನ ಯಾರೂ ಮಾತಾಡಿಸದ ವಾರ್ಡಿನಲ್ಲಿ ಬೈಗುಳವೂ ಮಾತುಕತೆಯೇ ಅಲ್ವಾ? ಬಂದಾಗ ಸುಮ್ಮನಿರಿ ಎಂದು ನರ್ಸ್‌ಗಳಿಗೆ ಹೇಳಿದರು. ಏಳು ವಾರದಲ್ಲಿ ಹದಿನಾರು ಎರಡಕ್ಕೆ ಇಳಿಯಿತು.

ಐಯೊನ್ ಆಮೇಲೆ ಬರೆದ ಟವಲ್ ಕಥೆ ನನಗೆ ಇನ್ನೂ ಇಷ್ಟ. ಒಬ್ಬಾಕೆ ಟವಲ್ ಕದ್ದು ಕೋಣೆಯಲ್ಲಿ ಪೇರಿಸುತ್ತಿದ್ದಳು. ನರ್ಸ್‌ಗಳು ತೆಗೆಯುವುದು, ಅವಳು ತರುವುದು, ವರ್ಷಗಟ್ಟಲೆ ಇದೇ. ಐಯೊನ್ ಉಲ್ಟಾ ಮಾಡಿದ. ನರ್ಸ್‌ಗಳೇ ಹೋಗಿ ಟವಲ್ ಕೊಟ್ಟು ಬರಲಿ ಎಂದ. ದಿನ ದಿನಕ್ಕೂ ಜಾಸ್ತಿ, ಇನ್ನೂ ಜಾಸ್ತಿ. ಕೋಣೆಯಲ್ಲಿ 625 ಟವಲ್ ಆದಾಗ ಅವಳಿಗೇ ಸಾಕಾಗಿ ಒಂದೊಂದಾಗಿ ಹೊರಗೆ ಹಾಕತೊಡಗಿದಳು.

ಇಷ್ಟು ಹೊತ್ತಿಗೆ ಅಮೆರಿಕದ ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಇನ್ನೊಂದು ಗುಂಪು ಕೂಡಿತ್ತು. ಸಿಡ್ನಿ ಬಿಜೂ, ಡೊನಾಲ್ಡ್ ಬೇರ್, ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ. ಅಲ್ಲಿ ಮೂರೂವರೆ ವರ್ಷದ ಒಬ್ಬ ಹುಡುಗಿ ನಡೆಯಲು ಬಂದರೂ ತೆವಳುತ್ತಲೇ ಇದ್ದಳು. ತೆವಳಿದಾಗ ಟೀಚರ್‌ಗಳು ಬಂದು ಸಮಾಧಾನ ಮಾಡುತ್ತಿದ್ದರು. ಎದ್ದು ನಿಂತಾಗ ಮಾತಾಡಿಸಿ, ತೆವಳಿದಾಗ ಬೇಡ ಎಂದು ಬದಲಿಸಿದರು. ಕೆಲವೇ ವಾರದಲ್ಲಿ ಮಿಕ್ಕ ಮಕ್ಕಳಂತೆ ಓಡಾಡಿದಳು. ಕಾರಣ ಇದೇ ಹೌದಾ ಎಂದು ನೋಡಲು ಟೀಚರ್‌ಗಳು ಮತ್ತೆ ಹಳೆಯ ಥರ ಮಾಡಿದರು. ಮತ್ತೆ ತೆವಳಿದಳು. ತಿರುಗಿ ಬದಲಿಸಿದರು, ಎದ್ದಳು. ಹೀಗೆ ಒಮ್ಮೆ ಮಾಡಿ, ಒಮ್ಮೆ ಬಿಟ್ಟು ಪರೀಕ್ಷಿಸುವುದು ಈ ಜನರ ಹೆಗ್ಗುರುತು. 'ನನ್ನ ಥೆರಪಿಯಿಂದ ಗುಣವಾಯಿತು' ಅನ್ನುವುದು ಸುಲಭ, ತೋರಿಸುವುದು ಕಷ್ಟ.

ಇದೇ ಗುಂಪಿನ ವುಲ್ಫ್ ಮತ್ತು ರಿಸ್ಲಿ, ಹೇಡನ್ ಮೀಸ್ ಜೊತೆ 1964ರಲ್ಲಿ ಬರೆದದ್ದು ಡಿಕಿ ಎಂಬ ಹುಡುಗನ ಬಗ್ಗೆ. ಲೇಖನದಲ್ಲಿ ಅವನನ್ನು ಕರೆದದ್ದೇ ಹಾಗೆ. ಮೂರೂವರೆ ವರ್ಷ, ಆಟಿಸಂ. ಪೊರೆ ಬಂದು ಕಣ್ಣಿನ ಮಸೂರ ತೆಗೆದಿದ್ದರು. ಕನ್ನಡಕ ಹಾಕದಿದ್ದರೆ ಆರು ತಿಂಗಳಲ್ಲಿ ದೃಷ್ಟಿ ಕಾಯಂ ಕೆಡುತ್ತದೆ ಎಂದು ಕಣ್ಣಿನ ಡಾಕ್ಟರು ಎಚ್ಚರಿಸಿದ್ದರು. ಹುಡುಗ ಕನ್ನಡಕ ಮುಟ್ಟಲು ಬಿಡುತ್ತಿರಲಿಲ್ಲ. ತಲೆ ಚಚ್ಚಿಕೊಳ್ಳುತ್ತಿದ್ದ, ಮುಖ ಪರಚಿಕೊಳ್ಳುತ್ತಿದ್ದ. ಮೊದಲು ಗಾಜಿಲ್ಲದ ಬರೀ ಫ್ರೇಮುಗಳನ್ನು ಕೋಣೆಯಲ್ಲಿ ಇಟ್ಟರು. ಮುಟ್ಟಿದರೆ ತಿಂಡಿ, ಎತ್ತಿದರೆ ತಿಂಡಿ, ಕಣ್ಣಿನ ಹತ್ತಿರ ತಂದರೆ ತಿಂಡಿ. ಹಟ ಮಾಡಿದರೆ ಅಥವಾ ಕನ್ನಡಕ ಎಸೆದರೆ ಸ್ವಲ್ಪ ಹೊತ್ತು ಅವನ ಕೋಣೆಯಲ್ಲಿ ಒಂಟಿಯಾಗಿ ಬಿಡುವುದು. ಇಂದು ಟೈಮ್-ಔಟ್ ಎಂದು ಎಲ್ಲ ಶಾಲೆಗಳಲ್ಲೂ ಕೇಳುವ ಮಾತು ಹೀಗೇ ಹರಡಿತು. ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಡಿಕಿ 600 ಗಂಟೆಗೂ ಹೆಚ್ಚು ಹೊತ್ತು ಕನ್ನಡಕ ಹಾಕಿದ್ದ. ಮುಂದೆ ಶಾಲೆಗೂ ಹೋದ. ಹಸಿದಿದ್ದರೆ ಬೇಗ ಕಲಿಯುತ್ತಾನೆಂದು ಬೆಳಗಿನ ತಿಂಡಿಯನ್ನೇ ಬಹುಮಾನ ಮಾಡಿದ್ದನ್ನು ಮಾತ್ರ ಇಂದು ಯಾರೂ ಮಾಡಬಾರದು. ಆದರೂ ಒಂದು ಮಗುವಿನ ಕಣ್ಣು ಉಳಿಯಿತು. ಈ ಲೇಖನ ಓದಿದಾಗಲೆಲ್ಲ ನನಗೆ ಎರಡೂ ಅನಿಸುತ್ತದೆ.

ಈಗ ನಿಮ್ಮ ಮೈದುನನ ಶಾಕ್. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಐವರ್ ಲೊವಾಸ್ ಎಂಬ ಮನಶ್ಶಾಸ್ತ್ರಜ್ಞ ಆಟಿಸಂ ಇದ್ದ ಮಕ್ಕಳೊಂದಿಗೆ ಕೆಲಸ ಮಾಡುತ್ತಿದ್ದ. 1965ರಲ್ಲಿ ಅವನ ಗುಂಪು ಮುಖ್ಯವಾದ ಒಂದು ಸಂಗತಿ ತೋರಿಸಿತು. ತನ್ನನ್ನು ತಾನೇ ಹೊಡೆದುಕೊಳ್ಳುವ ಹುಡುಗಿಗೆ, ಹೊಡೆದುಕೊಂಡಾಗಲೆಲ್ಲ 'ನೀನು ಕೆಟ್ಟವಳಲ್ಲಮ್ಮ' ಎಂಬಂಥ ಸಾಂತ್ವನ ಹೇಳಿದರೆ ಹೊಡೆತ ಜಾಸ್ತಿಯಾಗುತ್ತಿತ್ತು. ಒಳಗಿನ ಪಾಪಪ್ರಜ್ಞೆಯಿಂದ ಹೊಡೆದುಕೊಳ್ಳುತ್ತಾಳೆ, ಪ್ರೀತಿ ತೋರಿಸಿ ಎಂಬುದು ಆ ಕಾಲದ ವೈದ್ಯರ ಸಲಹೆ. ಪ್ರೀತಿ ತಪ್ಪಲ್ಲ, ಅದನ್ನು ಕೊಟ್ಟ ಹೊತ್ತು ತಪ್ಪಾಗಿತ್ತು. ಅದೇ ವರ್ಷ ಲೈಫ್ ಪತ್ರಿಕೆ ಅವನ ಕೆಲಸದ ಫೋಟೋಗಳನ್ನು ಹಾಕಿತು. ಅದರಲ್ಲಿ ಮಕ್ಕಳನ್ನು ಮುದ್ದಿಸುವುದೂ ಇತ್ತು, ಕಿರುಚುವುದೂ, ಕೆನ್ನೆಗೆ ಹೊಡೆಯುವುದೂ, ಶಾಕ್ ಕೊಡುವುದೂ ಇತ್ತು. 1969ರ ಲೇಖನದಲ್ಲಿ ಲೊವಾಸ್ ಮತ್ತು ಸಿಮನ್ಸ್ ಎರಡು ದಾರಿ ಹೋಲಿಸಿದರು. ಸುಮ್ಮನೆ ಬಿಟ್ಟರೆ ಹೊಡೆದುಕೊಳ್ಳುವುದು ನಿಲ್ಲುತ್ತದೆ, ಆದರೆ ಅಷ್ಟರಲ್ಲಿ ಮಗು ಸಾವಿರಾರು ಸಲ ಹೊಡೆದುಕೊಂಡಿರುತ್ತದೆ. ಶಾಕ್ ಕೊಟ್ಟರೆ ಬಹಳ ಬೇಗ ನಿಲ್ಲುತ್ತದೆ, ಆದರೆ ಕೊಟ್ಟ ಜಾಗದಲ್ಲಿ, ಕೊಟ್ಟವರ ಎದುರಿಗೆ ಮಾತ್ರ. ಆ ಸಾವಿರಾರು ಹೊಡೆತದ ವಿಷಯ ನಿಮ್ಮ ಥೆರಪಿಸ್ಟ್ ಓದಿದ್ದರೆ 'ನೋಡದ ಹಾಗೆ ಇರಿ' ಎನ್ನುವ ಮುಂಚೆ ಒಂದು ಗಳಿಗೆ ನಿಲ್ಲುತ್ತಿದ್ದರು.

ಶಾಕ್‌ಗೆ ನಾನು ಸಮಜಾಯಿಷಿ ಹುಡುಕುವುದಿಲ್ಲ. ಆಗ ಅಂಥ ಮಕ್ಕಳ ಕೈಕಾಲು ಕಟ್ಟಿ ಮಂಚದಲ್ಲಿ ವರ್ಷಗಟ್ಟಲೆ ಬಿಡುತ್ತಿದ್ದರು, ಅದಕ್ಕಿಂತ ಇದು ವಾಸಿ ಎಂದು ಅವರು ವಾದಿಸಿದರು. ಹೋಲಿಕೆಗೆ ಅಷ್ಟು ಕೆಟ್ಟದ್ದನ್ನು ತೆಗೆದುಕೊಂಡರೆ ಏನನ್ನೂ ಸಮರ್ಥಿಸಬಹುದು. ಲೊವಾಸ್ ಹೆಸರಿನಲ್ಲಿ ಇನ್ನೊಂದು ಕಲೆಯೂ ಇದೆ. 1974ರಲ್ಲಿ ಅವನೂ ಜಾರ್ಜ್ ರೇಕರ್ಸ್ ಎಂಬಾತನೂ 'ಹುಡುಗಿಯ ಥರ' ಆಡುತ್ತಾನೆಂದು ಐದು ತುಂಬದ ಹುಡುಗನನ್ನು ಬದಲಿಸಲು ಇದೇ ತಂತ್ರಗಳನ್ನು ಬಳಸಿದ್ದನ್ನು ಪ್ರಕಟಿಸಿದರು. ತೊಂದರೆ ಯಾರಿಗೆ, ಬದಲಾಗಬೇಕಾದ್ದು ಯಾರು ಎಂಬ ಪ್ರಶ್ನೆ ಈ ಶಾಸ್ತ್ರದ ಬೆನ್ನು ಬಿಡದಿರುವುದು ಇಂಥ ಕಾರಣಕ್ಕೇ. ಆಟಿಸಂ ಇರುವ ದೊಡ್ಡವರು ಇಂದು ಅದನ್ನೇ ಕೇಳುತ್ತಾರೆ. ನಾವು ಖುಷಿಗೆ ಕೈ ಬಡಿದರೆ ನಿಮಗೇನು ಕಷ್ಟ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ನಿಮ್ಮ ಮಗ ಕೈ ಬಡಿಯುತ್ತಾನಾದರೆ ಬಡಿಯಲಿ ಬಿಡಿ. ತಲೆ ಚಚ್ಚಿಕೊಳ್ಳುವುದು ಬೇರೆ.

1968ರಲ್ಲಿ ಈ ಕೆಲಸಕ್ಕೆಲ್ಲ ಒಂದು ಹೆಸರು, ಒಂದು ಪತ್ರಿಕೆ ಸಿಕ್ಕಿತು. ಜರ್ನಲ್ ಆಫ್ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಮೊದಲ ಸಂಪಾದಕ ವುಲ್ಫ್. ಆ ಹೊತ್ತಿಗೆ ಬೇರ್, ವುಲ್ಫ್, ರಿಸ್ಲಿ ಮೂವರೂ ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದ್ದರು. ಈ ಶಾಸ್ತ್ರ ಹೇಗಿರಬೇಕು ಎಂದು ಅವರು ಬರೆದ ಲೇಖನ ಇಂದಿಗೂ ಪಾಠ. ಮಾಡಿದ್ದು ಆ ಮನುಷ್ಯನಿಗೆ ಬೇಕಾದ್ದಾಗಿರಬೇಕು, ಅಳೆಯುವಂತಿರಬೇಕು, ಕಾರಣ ತೋರಿಸಬೇಕು, ಬದಲಾವಣೆ ಕಣ್ಣಿಗೆ ಕಾಣುವಷ್ಟಿರಬೇಕು, ಬೇರೆ ಕಡೆಯೂ ಉಳಿಯಬೇಕು. 'ಅನಾಲಿಸಿಸ್' ಅಂದರೆ ವಿಶ್ಲೇಷಣೆ ಅಂತ ಹೆಸರಿನಲ್ಲೇ ಇತ್ತು. ಆದರೂ ಮುಂದಿನ ಹತ್ತು ವರ್ಷ ಬಹಳ ಜನ ವಿಶ್ಲೇಷಣೆ ಬಿಟ್ಟು ತಂತ್ರಗಳ ಹಿಂದೆ ಬಿದ್ದರು. ಈ ನಡವಳಿಕೆಗೆ ಈ ಮದ್ದು, ಆ ನಡವಳಿಕೆಗೆ ಆ ಮದ್ದು. ಮದ್ದು ಹತ್ತದಿದ್ದರೆ ಇನ್ನೂ ಜೋರಾದ ಶಿಕ್ಷೆ.

ದಾರಿ ತಿರುಗಿದ್ದು ಎಡ್ವರ್ಡ್ ಕಾರ್ ಮತ್ತು ಅವನ ಜೊತೆಗಾರರಿಂದ. 1976ರಲ್ಲಿ ಅವರು ಎಂಟು ವರ್ಷದ ಒಬ್ಬ ಹುಡುಗನನ್ನು ನೋಡಿದರು. ಕೆಲಸ ಹೇಳಿದರೆ ತನ್ನನ್ನು ಹೊಡೆದುಕೊಳ್ಳುತ್ತಿದ್ದ, ಕಥೆ ಹೇಳಿದರೆ ಇಲ್ಲ. ಕೆಲಸ ಮುಗಿಯಿತು, ಹೊರಡೋಣ ಎಂಬ ಸೂಚನೆ ಸಿಕ್ಕರೆ ಸಾಕು, ಹೊಡೆತ ಥಟ್ಟನೆ ನಿಲ್ಲುತ್ತಿತ್ತು. ಅವನಿಗೆ ಬೇಕಿದ್ದದ್ದು ಯಾರ ಗಮನವೂ ಅಲ್ಲ. ಬಿಡುಗಡೆ! ಮಾರನೆಯ ವರ್ಷ ಕಾರ್ ಬರೆದ ವಿಮರ್ಶೆಯಲ್ಲಿ ಸ್ಪಷ್ಟವಾಗಿ ಹೇಳಿದ. ಒಂದೇ ಥರ ಕಾಣುವ ನಡವಳಿಕೆಗೆ ಬೇರೆ ಬೇರೆ ಕಾರಣ ಇರಬಹುದು. ಗಮನ, ತಪ್ಪಿಸಿಕೊಳ್ಳುವುದು, ಅದರಿಂದಲೇ ಸಿಗುವ ಒಂದು ಅನುಭವ, ಅಥವಾ ದೇಹದ ನೋವು. ಚಿಕಿತ್ಸೆ ಕಾರಣಕ್ಕೆ ತಕ್ಕಂತಿರಬೇಕು. 1977ರಲ್ಲೇ ಇನ್ನೊಂದು ಗುಂಪು ಆರು ವರ್ಷದ ಹುಡುಗಿಗೆ ಟೈಮ್-ಔಟ್ ಕೊಟ್ಟು ನೋಡಿತು. ರಂಪ ಏರಿತು. ಒಂಟಿಯಾಗಿ ತನ್ನ ಲೋಕದಲ್ಲಿರುವುದೇ ಅವಳಿಗೆ ಇಷ್ಟ, ಶಿಕ್ಷೆ ಅಂದುಕೊಂಡಿದ್ದು ಬಹುಮಾನವಾಗಿತ್ತು.

1982ರಲ್ಲಿ ಬ್ರಯಾನ್ ಇವಾಟಾ ಮತ್ತು ಸಂಗಡಿಗರು ಬಾಲ್ಟಿಮೋರ್‌ನಲ್ಲಿ ಇದಕ್ಕೊಂದು ಪರೀಕ್ಷೆ ಕಟ್ಟಿದರು. ತಮ್ಮನ್ನು ಗಾಯ ಮಾಡಿಕೊಳ್ಳುವ ಒಂಬತ್ತು ಮಂದಿ. ಒಂದು ಸನ್ನಿವೇಶದಲ್ಲಿ ಹೊಡೆದುಕೊಂಡರೆ ಮಾತ್ರ ದೊಡ್ಡವರು ಮಾತಾಡಿಸುತ್ತಾರೆ. ಇನ್ನೊಂದರಲ್ಲಿ ಕೆಲಸ ಕೊಡುತ್ತಾರೆ, ಹೊಡೆದುಕೊಂಡರೆ ಕೆಲಸ ನಿಲ್ಲಿಸಿ ಮುಖ ತಿರುಗಿಸುತ್ತಾರೆ. ಮತ್ತೊಂದರಲ್ಲಿ ಒಂಟಿ. ನಾಲ್ಕನೆಯದರಲ್ಲಿ ಆಟ, ಯಾವ ಒತ್ತಾಯವೂ ಇಲ್ಲ. ಒಂದೊಂದೂ ಹದಿನೈದು ನಿಮಿಷ. ಒಂಬತ್ತರಲ್ಲಿ ಆರು ಮಂದಿ ಯಾವುದೋ ಒಂದು ಸನ್ನಿವೇಶದಲ್ಲೇ ಹೆಚ್ಚು ಹೊಡೆದುಕೊಂಡರು, ಮತ್ತು ಎಲ್ಲರದೂ ಒಂದೇ ಅಲ್ಲ. 1994ರಲ್ಲಿ ಇಂಥ 152 ಜನರ ಲೆಕ್ಕ ಪ್ರಕಟವಾಯಿತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಗಮನದ್ದಲ್ಲ. ಕೆಲಸ ಅಥವಾ ಒತ್ತಾಯದಿಂದ ತಪ್ಪಿಸಿಕೊಳ್ಳುವವರದು, ಶೇಕಡ 38ರಷ್ಟು. ಗಮನಕ್ಕಾಗಿ ಮಾಡುವವರು ಸುಮಾರು ಕಾಲು ಭಾಗ.

ಈಗ ನಿಮ್ಮ ಪತ್ರವನ್ನೇ ಮತ್ತೊಮ್ಮೆ ಓದಿ. ಬರೆಯಲು ಕೂರಿಸಿದರೆ ಚಚ್ಚಿಕೊಳ್ಳುತ್ತಾನೆ. ಚಚ್ಚಿಕೊಂಡ ಕೂಡಲೇ ನೀವು ಪುಸ್ತಕ ಎತ್ತಿಟ್ಟು ಎದ್ದು ಹೋಗುತ್ತೀರಿ. ಇವಾಟಾನ ಎರಡನೇ ಸನ್ನಿವೇಶ ಅದೇ ಅಲ್ವಾ? ನೋಡದೆಯೇ ಹೇಳುವುದು ಸರಿಯಲ್ಲ, ಆದರೆ ನನ್ನ ಗುಮಾನಿ ಹೀಗೆ. ನಿಮ್ಮ ಮಗನಿಗೆ ಬೇಕಿರುವುದು ಬಿಡುವು, ಎರಡು ವಾರದಿಂದ ತಲೆ ಚಚ್ಚಿಕೊಂಡದ್ದಕ್ಕೆ ತಪ್ಪದೆ ಬಿಡುವು ಸಿಗುತ್ತಿದೆ. ಹಾಗಾಗಿ ಇದು ದೀಪ ಆರುವ ಮುಂಚಿನ ಉರಿಯಲ್ಲ, ಎಣ್ಣೆ ಬೀಳುತ್ತಿದೆ. ನಿಮ್ಮ ತಪ್ಪು ಎಂದು ಕೊರಗಬೇಡಿ. ಕೆಲಸ ಶುರು ಮಾಡಿದ ಹೊಸತರಲ್ಲಿ ನಾನೂ ಒಬ್ಬ ತಾಯಿಗೆ ಇದೇ ಸಲಹೆ ಕೊಟ್ಟಿದ್ದೆ. ಮೂರು ವಾರದ ಮೇಲೆ ಹುಡುಗನ ಹಣೆಯ ಮೇಲಿನ ಬುಗುಟು ನೋಡಿ ನನಗೇ ನಾಚಿಕೆಯಾಯಿತು.

ಏನು ಮಾಡಬಹುದು? ಒಂದು ನೋಟ್‌ಬುಕ್ ಇಡಿ. ಪ್ರತಿ ಸಲ ಮೂರೇ ಸಾಲು: ಮುಂಚೆ ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಒಂದು ವಾರ ಸಾಕು. ಮೊಬೈಲಿನಲ್ಲಿ ವಿಡಿಯೊ ಸಿಕ್ಕರೆ ಇನ್ನೂ ಒಳ್ಳೆಯದು. ಇವಾಟಾನ ಪರೀಕ್ಷೆಯನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ, ಅದನ್ನು ಡಾಕ್ಟರ ಕಣ್ಗಾವಲಿನಲ್ಲಿ ಮಾಡಿದ್ದು. ನೋಟ್‌ಬುಕ್ ಹಿಡಿದು ಥೆರಪಿಸ್ಟ್ ಹತ್ತಿರ ಹೋಗಿ, 'ಇದು ಗಮನಕ್ಕೆ ಅಂತ ಹೇಗೆ ಗೊತ್ತಾಯ್ತು ಮೇಡಂ?' ಎಂದು ಕೇಳಿ. ಬರೆದಿಟ್ಟ ಲೆಕ್ಕ ತೋರಿಸಿದರೆ, ಅಥವಾ 'ಹೌದಲ್ಲ, ನೋಡೋಣ' ಎಂದರೆ ಮುಂದುವರಿಸಿ. ಎಲ್ಲ ಮಕ್ಕಳಿಗೂ ಹೀಗೇ ಮಾಡೋದು ಅಂದರೆ, ಅಥವಾ ಹೊಡೆಯುವ, ಕತ್ತಲೆ ಕೋಣೆಗೆ ಹಾಕುವ, ಊಟ ತಪ್ಪಿಸುವ ಮಾತು ಬಂದರೆ ಆ ಜಾಗ ಬಿಡಿ. ಎಬಿಎಯನ್ನೇ ಬಿಡಬೇಕಿಲ್ಲ.

ಕಾರಣ ಬಿಡುವೇ ಆಗಿದ್ದರೆ ದಾರಿ ಇದೆ. 1985ರಲ್ಲಿ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ನಾಲ್ಕು ಮಕ್ಕಳಿಗೆ ರಂಪದ ಬದಲು ಒಂದು ಮಾತು ಕಲಿಸಿದರು. ಕೆಲಸ ಕಷ್ಟವಾಗಿ ರಂಪ ಮಾಡುವವರಿಗೆ 'ನನಗೆ ಅರ್ಥ ಆಗ್ತಿಲ್ಲ' ಎಂಬ ಮಾತು, ಗಮನ ಬೇಕಾದವರಿಗೆ 'ಚೆನ್ನಾಗಿ ಮಾಡ್ತಿದೀನಾ?' ಎಂಬ ಮಾತು. ಕಾರಣಕ್ಕೆ ಹೊಂದುವ ಮಾತು ಕಲಿತಾಗ ರಂಪ ಇಳಿಯಿತು, ಹೊಂದದ ಮಾತಿನಿಂದ ಏನೂ ಆಗಲಿಲ್ಲ. ನಿಮ್ಮ ಮಗನಿಗೆ ಮಾತು ಕಡಿಮೆ ಅಂದಿರಿ. ಅಂಗೈಯಗಲದ ಒಂದು ಕಾರ್ಡ್ ಮಾಡಿ, ಮೇಲೆ 'ಸಾಕು' ಎಂದೋ ಎತ್ತಿದ ಕೈಯ ಚಿತ್ರವೋ ಇರಲಿ. ಕೂರಿಸಿ ಎರಡು ಮಣಿ ಪೋಣಿಸಿದ ಮೇಲೆ, ಅವನು ಕೈ ಕಚ್ಚಿಕೊಳ್ಳುವ ಮುಂಚೆಯೇ, ಅವನ ಕೈ ಹಿಡಿದು ಕಾರ್ಡ್ ನಿಮಗೆ ಕೊಡಿಸಿ. ಕೊಟ್ಟ ಕೂಡಲೇ ಎರಡು ನಿಮಿಷ ಬಿಡುವು. ಆಮೇಲೆ ಮತ್ತೆ ಎರಡು ಮಣಿ. ಕಾರ್ಡ್ ಕೊಟ್ಟರೆ ನಿಜವಾಗಿ ಬಿಡುತ್ತಾರೆ ಎಂದು ಅವನಿಗೆ ನಂಬಿಕೆ ಬಂದ ಮೇಲೆ ಎರಡು ಮಣಿಯನ್ನು ಮೂರು ಮಾಡಿ, ನಾಲ್ಕು ಮಾಡಿ. ನಡುವೆ ತಲೆ ಚಚ್ಚಿಕೊಂಡರೆ ಪೆಟ್ಟಾಗದಂತೆ ತಡೆಯಿರಿ, ಮಣಿ ಎತ್ತಿಡಬೇಡಿ. ತೀರಾ ಸುಲಭದ ಒಂದು ಕೆಲಸ ಮಾಡಿಸಿ, ಕಾರ್ಡ್ ಕೊಡಿಸಿ, ಆಗ ಬಿಡಿ. ಶುರುವಿನ ದಿನಗಳಲ್ಲಿ ಥೆರಪಿಸ್ಟ್ ಜೊತೆಗಿದ್ದರೆ ಒಳ್ಳೆಯದು.

ಕಾರ್ಡಿನ ವಿಷಯ ನಿಮ್ಮತ್ತೆಗೂ ಹೇಳಿ, ಆ ಆಂಟಿಯ ಕಥೆಯನ್ನೂ ಹೇಳಿ. ಮೊಮ್ಮಗ ಕಾರ್ಡ್ ತಂದು ಕೊಟ್ಟಾಗ ಎತ್ತಿಕೊಂಡು ಅಂಗಳಕ್ಕೆ ಕರೆದೊಯ್ಯುವ ಕೆಲಸವನ್ನು ಅವರಿಗೇ ಬಿಡಿ.